ಜೂಜಿನ ಮೇಜಿಗೂ ಬಾಡಿಗೆ ಇದೆ



ಶನಿವಾರ ಸಂಜೆ ಪಣಜಿಯ ಮಾಂಡೋವಿ ದಂಡೆಗೆ ಹೋಗಿ ನಿಂತರೆ ಕೆಎ 22, ಕೆಎ 25, ಕೆಎ 30 ಎಂದು ಬರೆದ ಕಾರುಗಳು ಸಾಲಾಗಿ ಕಾಣುತ್ತವೆ. ಬೆಳಗಾವಿ, ಧಾರವಾಡ, ಕಾರವಾರ. ನದಿಯ ನಡುವೆ ದೀಪದ ಮಾಲೆ ಹಾಕಿಕೊಂಡು ನಿಂತಿರುವ ಮಹಡಿ ಮಹಡಿಯ ಹಡಗುಗಳೇ ಕ್ಯಾಸಿನೊಗಳು. ದಡದಿಂದ ಅಲ್ಲಿಗೆ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ದೋಣಿಯಲ್ಲಿ ಕನ್ನಡ ಕೇಳಿಸುತ್ತದೆ, ಮರಾಠಿ ಕೇಳಿಸುತ್ತದೆ, ತೆಲುಗು, ಗುಜರಾತಿ ಕೇಳಿಸುತ್ತವೆ. ಆಡಲು ಹೊರಟವರ ಬಾಯಲ್ಲಿ ಕೊಂಕಣಿ ಮಾತ್ರ ಅಪರೂಪ.

ಅದಕ್ಕೆ ಕಾರಣವಿದೆ. 2020ರ ಫೆಬ್ರುವರಿ 1ರಿಂದ ಗೋವಾದ ನಿವಾಸಿಗಳು ಗೋವಾದ ಕ್ಯಾಸಿನೊಗಳಲ್ಲಿ ಆಡುವಂತಿಲ್ಲ. ಪ್ರವಾಸಿಗರಿಗೆ ಮಾತ್ರ ಪ್ರವೇಶ, ಅದೂ 21 ವರ್ಷ ತುಂಬಿದವರಿಗೆ. ಇದೇನೂ ಹೊಸ ಜಾಣತನವಲ್ಲ. ಯುರೋಪಿನ ಮೊನಾಕೊದಲ್ಲೂ ಅಲ್ಲಿನ ಪ್ರಜೆಗಳು ಮಾಂಟೆಕಾರ್ಲೊ ಕ್ಯಾಸಿನೊದ ಮೇಜಿಗೆ ಕೂರುವಂತಿಲ್ಲ. ಮನೆಯವರನ್ನು ಹೊರಗಿಟ್ಟು ನೆಂಟರನ್ನು ಒಳಗೆ ಕರೆಯುವ ವ್ಯವಹಾರ ಇದು. ಆ ನೆಂಟರು ನಾವೇ ಆದ್ದರಿಂದ ಈ ವಿಷಯ ನಾವು ನಾವೇ ಕೂತು ಮಾತಾಡಿಕೊಳ್ಳಬೇಕು.

ಜೂಜು ಕೆಟ್ಟದ್ದು ಎಂದು ಹೇಳುವುದಕ್ಕೆ ಆಕಾಶವಾಣಿ ಬೇಕಾಗಿಲ್ಲ. ಧರ್ಮರಾಯನ ಕಥೆ ಕೇಳಿ ಬೆಳೆದವರಿಗೆಲ್ಲ ಅದು ಗೊತ್ತು. ಗೊತ್ತಿದ್ದೂ ಮಂಡ್ಯ, ಹಾಸನದ ಕಡೆ ಯುಗಾದಿ ಬಂತೆಂದರೆ ಅರಳಿಕಟ್ಟೆಯ ಮೇಲೆ ಇಸ್ಪೀಟು ಹಾಸುತ್ತಾರೆ. ಹೇಗೆ ಗೆಲ್ಲಬೇಕು ಎಂದು ಹೇಳಿಕೊಡುವವರಿಗೂ ಬರವಿಲ್ಲ, ಅವರನ್ನು ನಂಬಬೇಡಿ. ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು. ಈ ಎರಡೂ ಗುಂಪಿನವರು ಬಿಟ್ಟುಬಿಡುವ ಒಂದು ಪ್ರಶ್ನೆ ನನ್ನದು. ಆ ಮೇಜಿನ ಮುಂದೆ ಒಂದು ತಾಸು ಕೂತರೆ ಬಾಡಿಗೆ ಎಷ್ಟು? ಹೋಟೆಲಿನ ಕೋಣೆಗೆ ಬಾಡಿಗೆ ಎಷ್ಟೆಂದು ಕೇಳದೆ ಬೀಗದ ಕೈ ತೆಗೆದುಕೊಳ್ಳುವವರು ಯಾರೂ ಇಲ್ಲ. ಕ್ಯಾಸಿನೊದಲ್ಲಿ ಆ ದರದ ಹಲಗೆ ಇರುವುದಿಲ್ಲ, ನಾವೇ ಲೆಕ್ಕ ಹಾಕಿಕೊಳ್ಳಬೇಕು. ಲೆಕ್ಕ ಕಷ್ಟದ್ದೇನಲ್ಲ. ಹೈಸ್ಕೂಲಿನ ಕೂಡು, ಕಳೆ, ಗುಣಿಸು ಬಂದರೆ ಸಾಕು.

ನಮಗೆ ಗೊತ್ತಿರುವ ಆಟದಿಂದಲೇ ಶುರು ಮಾಡೋಣ, ಅಂದರ್ ಬಾಹರ್. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ತೋಟದ ಮನೆ, ಪಾಳುಗುಡಿಯ ಹಿಂಭಾಗ, ಇಷ್ಟು ಜನರ ಬಂಧನ, ಇಷ್ಟು ನಗದು ವಶ ಎಂದು ಬರುತ್ತದಲ್ಲ, ಅದೇ ಆಟ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ನಮ್ಮಲ್ಲಿ ಅಪರಾಧ. ಗೋವಾದ ಹಡಗಿನಲ್ಲಿ ಅದೇ ಆಟಕ್ಕೆ ಹಸಿರು ಬಟ್ಟೆಯ ಮೇಜು, ಬಿಳಿ ಅಂಗಿಯ ಡೀಲರು, ತಲೆಯ ಮೇಲೆ ಕ್ಯಾಮೆರಾ.

ಆಟ ಹೀಗೆ. ಡೀಲರು 52 ಎಲೆಗಳನ್ನು ಕಲೆಸಿ ಒಂದು ಎಲೆ ತೆಗೆದು ಮುಖ ಮೇಲಾಗಿ ಇಡುತ್ತಾನೆ. ಅದು ಜೋಕರ್. ಎಂಟು ಬಂತು ಅನ್ನಿ. ಆಮೇಲೆ ಒಂದೊಂದೇ ಎಲೆಯನ್ನು ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಎರಡು ಬದಿಗೆ ಹಾಕುತ್ತ ಹೋಗುತ್ತಾನೆ. ಇನ್ನೊಂದು ಎಂಟು ಯಾವ ಬದಿಗೆ ಮೊದಲು ಬೀಳುತ್ತದೋ ಆ ಬದಿಗೆ ಹಣ ಕಟ್ಟಿದವರು ಗೆದ್ದರು. ಬುದ್ಧಿವಂತಿಕೆಗೆ ಇದರಲ್ಲಿ ಜಾಗವೇ ಇಲ್ಲ. ಆದರೂ ಮೇಜಿನ ಸುತ್ತ ನಿಂತವರನ್ನು ನೋಡಬೇಕು. ಹತ್ತನೆಯ ಎಲೆ ದಾಟಿತೆಂದರೆ ಒಬ್ಬ ಕಣ್ಣು ಮುಚ್ಚುತ್ತಾನೆ, ಇನ್ನೊಬ್ಬ ಮೇಜಿನ ಅಂಚು ಹಿಡಿಯುತ್ತಾನೆ. ‘ಬಾ ನಮ್ಮಪ್ಪಾ, ಹೊರಗ ಬಾ’ ಎಂದು ಎಲೆಯನ್ನೇ ಕರೆಯುವವರುಂಟು. ಡೀಲರನ ಬೆರಳು ಮಾತ್ರ ಒಂದೇ ಲಯದಲ್ಲಿ ಹೋಗುತ್ತಿರುತ್ತದೆ. ಎಲೆ ಬಿತ್ತು, ಸೋತ ಬದಿಯ ಬಿಲ್ಲೆಗಳನ್ನು ಎಳೆದುಕೊಂಡ, ಗೆದ್ದ ಬದಿಗೆ ಕೊಟ್ಟ, ಎಲೆ ಕಲೆಸಿದ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯಿತು.

ಈಗ ಲೆಕ್ಕ. ಜೋಕರ್ ಹೋದ ಮೇಲೆ ಉಳಿದದ್ದು 51 ಎಲೆ, ಅದರಲ್ಲಿ ಮೂರು ಎಂಟು. ಆ ಮೂರು ಎಂಟುಗಳು 51 ಜಾಗಗಳಲ್ಲಿ ಕೂರುವ ಬಗೆಗಳು ಒಟ್ಟು 20,825. ಅವುಗಳಲ್ಲಿ 10,725 ಬಗೆಗಳಲ್ಲಿ ಮೊದಲ ಎಂಟು ಬೆಸ ಸಂಖ್ಯೆಯ ಜಾಗದಲ್ಲಿರುತ್ತದೆ, ಅಂದರೆ ಮೊದಲ ಎಲೆ ಯಾವ ಬದಿಗೆ ಬಿತ್ತೋ ಆ ಬದಿಗೇ ಬರುತ್ತದೆ. ಸಾವಿರ ಆಟದಲ್ಲಿ ಸುಮಾರು 515 ಸಲ ಮೊದಲ ಬದಿ, 485 ಸಲ ಎರಡನೆಯ ಬದಿ. ಕ್ಯಾಸಿನೊದವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಸಾಮಾನ್ಯವಾಗಿ ಮೊದಲ ಬದಿ ಗೆದ್ದರೆ ನೂರಕ್ಕೆ ತೊಂಬತ್ತೇ ಕೊಡುತ್ತಾರೆ, ಎರಡನೆಯದು ಗೆದ್ದರೆ ನೂರಕ್ಕೆ ನೂರು. ಸಾವಿರ ಆಟವೂ ಮೊದಲ ಬದಿಗೇ ನೂರು ನೂರು ರೂಪಾಯಿ ಕಟ್ಟಿದಿರಿ ಅನ್ನಿ. ಗೆದ್ದದ್ದು 515 ತೊಂಬತ್ತು, 46,350. ಸೋತದ್ದು 485 ನೂರು, 48,500. ಕೈಬಿಟ್ಟದ್ದು 2,150. ಎರಡನೆಯ ಬದಿಗೆ ಕಟ್ಟಿದ್ದರೆ 3,000. ಕಟ್ಟಿದ ಹಣದ ಮೇಲೆ ನೂರಕ್ಕೆ ಎರಡು ರೂಪಾಯಿ ಹದಿನೈದು ಪೈಸೆ, ಇಲ್ಲವೇ ಮೂರು ರೂಪಾಯಿ. ಮೇಜಿನ ಬಾಡಿಗೆ ಅಂದರೆ ಇದು.

ಇಷ್ಟೇನಾ ಅನ್ನಿಸಬಹುದು. ಸಾಲದ ಬಡ್ಡಿಯೂ ಇದಕ್ಕಿಂತ ಹೆಚ್ಚು ಎಂದು ಒಬ್ಬ ವಿದ್ಯಾರ್ಥಿ ನನಗೇ ಹೇಳಿದ್ದ. ಆದರೆ ಈ ಎರಡು ರೂಪಾಯಿ ನೀವು ಜೇಬಿನಲ್ಲಿ ತಂದ ಹಣದ ಮೇಲಲ್ಲ, ಮೇಜಿನ ಮೇಲೆ ಇಟ್ಟ ಹಣದ ಮೇಲೆ. ಗೆದ್ದ ಹಣ ಮತ್ತೆ ಮೇಜಿಗೆ ಹೋಗುತ್ತದೆ, ಸೋತು ಉಳಿದದ್ದೂ ಹೋಗುತ್ತದೆ. ಆಟಕ್ಕೆ 500 ರೂಪಾಯಿಯಂತೆ ತಾಸಿಗೆ 50 ಆಟ ಆಡಿದರೆ ಮೇಜಿನ ಮೇಲೆ ಓಡಾಡಿದ್ದು 25,000 ರೂಪಾಯಿ, ಜೇಬಿನಲ್ಲಿ ತಂದದ್ದು ಐದೇ ಸಾವಿರವಿದ್ದರೂ ಸರಿ. ಅದರ ಬಾಡಿಗೆ ತಾಸಿಗೆ 540ರಿಂದ 750 ರೂಪಾಯಿ. ಸಂಜೆ ಏಳಕ್ಕೆ ಕೂತು ನಡುರಾತ್ರಿ ಎದ್ದರೆ 2,700ರಿಂದ 3,750.

ಹಾಗಾದರೆ ಇದು ಆಡುವವರ ಕಣ್ಣಿಗೆ ಯಾಕೆ ಬೀಳುವುದಿಲ್ಲ? ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಇದು. ಅದೃಷ್ಟದ ಏರಿಳಿತ ಈ ಬಾಡಿಗೆಗಿಂತ ಎಷ್ಟೋ ದೊಡ್ಡದು. ಐವತ್ತು ಆಟದಲ್ಲಿ ಮೂರೂವರೆ ಸಾವಿರ ಮೇಲಾಗುವುದು, ಮೂರೂವರೆ ಸಾವಿರ ಕೆಳಗಾಗುವುದು ತೀರಾ ಮಾಮೂಲು. ಆ ಅಲೆಯ ಅಡಿಯಲ್ಲಿ ಐನೂರು ರೂಪಾಯಿಯ ಬಾಡಿಗೆ ಯಾರಿಗೆ ಕಾಣಬೇಕು? ಗೆದ್ದವನು ನನ್ನ ಕೈಗುಣ ಅನ್ನುತ್ತಾನೆ, ಸೋತವನು ಇವತ್ತು ಗಳಿಗೆ ಸರಿ ಇರಲಿಲ್ಲ ಅನ್ನುತ್ತಾನೆ. ಬಾಡಿಗೆ ಕೊಟ್ಟೆ ಅನ್ನುವವರು ಇಬ್ಬರಲ್ಲಿ ಒಬ್ಬರೂ ಇಲ್ಲ. ಅದೇ ಮನುಷ್ಯ ಅಂಥ ನೂರು ಸಂಜೆ ಆಡಲಿ. ಒಟ್ಟು 25,000 ಆಟ. ಏರಿಳಿತ ಆಗ ಸುಮಾರು 80,000 ರೂಪಾಯಿಯಷ್ಟು ಇರುತ್ತದೆ. ಬಾಡಿಗೆ ಮಾತ್ರ 2,70,000ದಿಂದ 3,75,000ಕ್ಕೆ ಬೆಳೆದಿರುತ್ತದೆ. ಏರಿಳಿತ ಆಟದ ಸಂಖ್ಯೆಯ ವರ್ಗಮೂಲದಂತೆ ನಿಧಾನ ಬೆಳೆಯುತ್ತದೆ, ಬಾಡಿಗೆ ಆಟ ಆಟಕ್ಕೂ ಸಮನಾಗಿ ಕೂಡುತ್ತ ಹೋಗುತ್ತದೆ. ಒಂದು ಸಂಜೆ ಯಾರು ಬೇಕಾದರೂ ಗೆಲ್ಲಬಹುದು, ನಿಜವಾಗಿ ಗೆಲ್ಲುತ್ತಾರೆ ಕೂಡ. ನೂರು ಸಂಜೆ ಗೆದ್ದವನನ್ನು ಹುಡುಕಲು ಹೋಗಬೇಡಿ. ಕ್ಯಾಸಿನೊದವರು ಮೋಸ ಮಾಡಬೇಕಾದ ಅಗತ್ಯವೇ ಇಲ್ಲ ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಗಣಿತ ಸಂಬಳವಿಲ್ಲದೆ ಅವರಿಗಾಗಿ ದುಡಿಯುತ್ತಿರುತ್ತದೆ.

ರೂಲೆಟ್ ಚಕ್ರದ ಕಥೆಯೂ ಇದೇ. ಒಂದರಿಂದ 36ರವರೆಗೆ ಅಂಕಿ, ಅರ್ಧ ಕೆಂಪು, ಅರ್ಧ ಕಪ್ಪು, ಜೊತೆಗೆ ಹಸಿರು ಬಣ್ಣದ ಒಂದು ಸೊನ್ನೆ. ಆ ಸೊನ್ನೆಯೇ ಮಾಲೀಕನ ಪಾಲು. 37ರಲ್ಲಿ ಒಂದು, ಅಂದರೆ ನೂರಕ್ಕೆ 2.7. ಅಮೆರಿಕದ ಮಾದರಿಯ ಚಕ್ರದಲ್ಲಿ ಎರಡು ಸೊನ್ನೆ, ಬಾಡಿಗೆ ನೂರಕ್ಕೆ 5.26. ಕೂರುವ ಮುಂಚೆ ಸೊನ್ನೆ ಎಣಿಸಿಕೊಳ್ಳಿ. ಎರಡಿದ್ದರೆ ಎದ್ದು ಬನ್ನಿ, ಪಕ್ಕದಲ್ಲಿ ಒಂದು ಸೊನ್ನೆಯದು ಇದ್ದರೂ ಇರಬಹುದು.

ಚಕ್ರದ ಪಕ್ಕದಲ್ಲಿ ಒಂದು ಹಲಗೆ ಹೊಳೆಯುತ್ತಿರುತ್ತದೆ. ಹಿಂದಿನ ಹದಿನೈದಿಪ್ಪತ್ತು ಸುತ್ತಿನಲ್ಲಿ ಯಾವ ಅಂಕಿ, ಯಾವ ಬಣ್ಣ ಬಂತೆಂದು ತೋರಿಸುವ ಹಲಗೆ. ಅದನ್ನು ಪುಕ್ಕಟೆ ಹಾಕಿದ್ದಾರೆಂದರೆ ಅದರಿಂದ ನಮಗೆ ಉಪಯೋಗವಿಲ್ಲ ಎಂದೇ ಅರ್ಥ. 1913ರ ಆಗಸ್ಟ್ 18ರಂದು ಮಾಂಟೆಕಾರ್ಲೊದಲ್ಲಿ ಸತತ 26 ಸಲ ಕಪ್ಪೇ ಬಂತು. ಹದಿನೈದು ಸಲ ಕಪ್ಪಾಗುವ ಹೊತ್ತಿಗೆ ಜನ ಮುಗಿಬಿದ್ದು ಕೆಂಪಿನ ಮೇಲೆ ಹಣ ಸುರಿಯತೊಡಗಿದರು. ಇಷ್ಟು ಸಲ ಕಪ್ಪು ಬಂದ ಮೇಲೆ ಕೆಂಪು ಬರಲೇಬೇಕಲ್ಲ? ಬರಬೇಕೆಂದೇನೂ ಇಲ್ಲ. ಚಕ್ರಕ್ಕೆ ನೆನಪಿಲ್ಲ. ಪ್ರತಿ ಸುತ್ತಿಗೂ 37ರಲ್ಲಿ 18, ಹಿಂದೆ ಏನೇ ಬಂದಿರಲಿ. ಅವತ್ತು ಕೆಂಪನ್ನು ನಂಬಿದವರು ಲಕ್ಷಾಂತರ ಫ್ರಾಂಕ್ ಕಳೆದುಕೊಂಡರು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಉಪಾಯ ಊರೂರಿನಲ್ಲಿ ಪ್ರಸಿದ್ಧ. ಸೋತರೆ ಇಮ್ಮಡಿ ಕಟ್ಟು, ಒಮ್ಮೆ ಗೆದ್ದರೆ ಎಲ್ಲ ವಾಪಸ್. 500, 1,000, 2,000, 4,000. ಕೇಳಲು ಸೊಗಸಾಗಿದೆ. ಎಂಟು ಸಲ ಸತತ ಸೋತರೆ ಅಷ್ಟರಲ್ಲಿ 1,27,500 ರೂಪಾಯಿ ಹೋಗಿರುತ್ತದೆ, ಒಂಬತ್ತನೆಯ ಪಣಕ್ಕೆ 1,28,000 ಬೇಕು. ಇಷ್ಟೆಲ್ಲ ಮಾಡಿ ಗೆದ್ದರೆ ಬರುವ ಲಾಭ ಆ ಮೊದಲಿನ 500. ಎಂಟು ಸಲ ಸತತ ಯಾರು ಸೋಲುತ್ತಾರೆ ಅನ್ನುತ್ತೀರಾ? ಒಂದು ಸಂಜೆಯಲ್ಲಿ 150 ಸುತ್ತು ಆಡುವವನಿಗೆ ಅಂಥ ಸರಣಿ ಸರಾಸರಿ ನಾಲ್ಕು ಸಂಜೆಗೆ ಒಮ್ಮೆಯಾದರೂ ಎದುರಾಗುತ್ತದೆ. ಪ್ರತಿ ಮೇಜಿಗೂ ಗರಿಷ್ಠ ಪಣದ ಮಿತಿ ಇರುತ್ತದೆ, ಇಮ್ಮಡಿ ಮಾಡುವವರು ಆ ಗೋಡೆಗೆ ಹೋಗಿ ಹಣೆ ಹೊಡೆದುಕೊಳ್ಳುತ್ತಾರೆ.

ಕಲಿತದ್ದಕ್ಕೆ ಬೆಲೆ ಇರುವ ಆಟವೇ ಇಲ್ಲವೇ ಎಂದರೆ, ಒಂದಿದೆ. ಬ್ಲ್ಯಾಕ್‌ಜಾಕ್, ನಮ್ಮವರು ಇಪ್ಪತ್ತೊಂದು ಅನ್ನುವ ಆಟ. ಎಲೆಗಳ ಮೊತ್ತ 21ಕ್ಕೆ ಹತ್ತಿರ ಬರಬೇಕು, ಮೀರಬಾರದು. ಇನ್ನೊಂದು ಎಲೆ ಕೇಳಬೇಕೋ ಸುಮ್ಮನಿರಬೇಕೋ ಎನ್ನುವ ತೀರ್ಮಾನ ನಿಮ್ಮದು. 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಯುವಕರು ಮೇಜಿನ ಲೆಕ್ಕಯಂತ್ರ ಇಟ್ಟುಕೊಂಡು ಪ್ರತಿಯೊಂದು ಕೈಗೂ ಯಾವುದು ಸರಿ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. 1962ರಲ್ಲಿ ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್, ಆಗಿಹೋದ ಎಲೆಗಳನ್ನು ನೆನಪಿಟ್ಟರೆ ಕೆಲವೊಮ್ಮೆ ತಕ್ಕಡಿ ಆಟಗಾರನ ಕಡೆಗೇ ವಾಲುತ್ತದೆ ಎಂದು ಪುಸ್ತಕ ಬರೆದರು. ಕ್ಯಾಸಿನೊಗಳು ಸುಮ್ಮನೆ ಕೂರಲಿಲ್ಲ. ಆರೆಂಟು ಕಟ್ಟು ಎಲೆ ಬೆರೆಸಿದರು, ಬಿಡದೆ ಕಲೆಸುವ ಯಂತ್ರ ತಂದರು, ಎಣಿಸುವವರನ್ನು ಗುರುತಿಸಿ ಬಾಗಿಲು ತೋರಿಸಿದರು. ಆ ದಾರಿ ನಮ್ಮ ನಿಮ್ಮಂಥವರಿಗಲ್ಲ. ಆದರೆ ಮೊದಲ ನಾಲ್ವರ ಕೋಷ್ಟಕವನ್ನು ಎರಡು ವಾರ ಕೂತು ಬಾಯಿಪಾಠ ಮಾಡಿದರೆ, ಮೇಜಿನ ನಿಯಮ ಚೆನ್ನಾಗಿದ್ದರೆ, ಬಾಡಿಗೆ ನೂರಕ್ಕೆ ಅರ್ಧ ರೂಪಾಯಿಗೆ ಇಳಿಯುತ್ತದೆ. ಮನಸ್ಸಿಗೆ ಬಂದಂತೆ ಆಡಿದರೆ ಅದರ ಹಲವು ಪಟ್ಟು.

ಒಂದು ಉದಾಹರಣೆ. ನಿಮ್ಮ ಕೈಯಲ್ಲಿ 13, ಡೀಲರನ ತೆರೆದ ಎಲೆ ಆರು. ಕೈ ತುರಿಸುತ್ತದೆ, 13 ತೀರಾ ಕಡಿಮೆಯಲ್ಲವೇ? ಸುಮ್ಮನಿರಬೇಕು. ಆರು ತೆರೆದ ಡೀಲರು ತಾನೇ 21 ಮೀರುವ ಸಂಭವ ಸಾಕಷ್ಟಿದೆ, ಅವನಿಗೆ ಎಡವಲು ಅವಕಾಶ ಕೊಡಬೇಕು. ಇನ್ನೊಂದು, ಡೀಲರನಿಗೆ ಎಕ್ಕ ಬಂದಾಗ ‘ಇನ್ಶೂರೆನ್ಸ್ ಬೇಕಾ ಸರ್?’ ಎಂದು ವಿನಯದಿಂದ ಕೇಳುತ್ತಾರೆ. ಹೆಸರು ವಿಮೆಯದಾದರೂ ಅದು ಬೇರೆಯೇ ಒಂದು ಜೂಜು, ಬಾಡಿಗೆ ನೂರಕ್ಕೆ ಏಳು. ಬೇಡ ಅನ್ನಿ.

ನಮ್ಮ ಪುರಾಣಗಳಲ್ಲಿ ಧರ್ಮರಾಯನ ಜೂಜನ್ನೇ ಎಲ್ಲರೂ ಹೇಳುತ್ತಾರೆ. ಗಣಿತದ ಮೇಷ್ಟ್ರಿಗೆ ನಳನ ಜೂಜು ಹೆಚ್ಚು ಇಷ್ಟ. ಕನಕದಾಸರು ನಳಚರಿತ್ರೆ ಬರೆದದ್ದರಿಂದ ಕನ್ನಡಿಗರಿಗೆ ಅವನು ಮನೆಯವನೇ. ಮಹಾಭಾರತದ ವನಪರ್ವದಲ್ಲಿ ಆ ಕಥೆ ಬರುತ್ತದೆ. ನಳ ತನ್ನ ಸೋದರ ಪುಷ್ಕರನ ಜೊತೆ ತಿಂಗಳುಗಟ್ಟಲೆ ಆಡಿ ಎಲ್ಲ ಸೋಲುತ್ತಾನೆ. ಆಮೇಲೆ ಋತುಪರ್ಣ ರಾಜನ ಸಾರಥಿಯಾಗುತ್ತಾನೆ. ದಾರಿಯಲ್ಲಿ ಒಂದು ತಾರೆ ಮರ. ಋತುಪರ್ಣ ಅದರ ಎಲೆ ಕಾಯಿಗಳೆಷ್ಟು ಎಂದು ನೋಡಿದೊಡನೆ ಹೇಳಿಬಿಡುತ್ತಾನೆ. ನಂಬದ ನಳ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಆಗ ಕುದುರೆಯ ವಿದ್ಯೆಗೆ ಬದಲಾಗಿ ಋತುಪರ್ಣನಿಂದ ದಾಳದ ವಿದ್ಯೆಯಾದ ಅಕ್ಷಹೃದಯವನ್ನು ಕಲಿಯುತ್ತಾನೆ. ಹಳೆಯ ಕಾಲದಲ್ಲಿ ದಾಳವಾಗಿ ಬಳಸುತ್ತಿದ್ದುದು ಆ ತಾರೆಯ ಕಾಯಿಗಳನ್ನೇ. ಎಣಿಕೆಯ ವಿದ್ಯೆಯನ್ನೂ ಜೂಜಿನ ವಿದ್ಯೆಯನ್ನೂ ಒಂದೇ ಮರದ ಕೆಳಗೆ ಇಟ್ಟ ಕವಿ ಸಾಮಾನ್ಯನಲ್ಲ. ಯುರೋಪಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕ ಕುರಿತು ಪತ್ರ ಬರೆದುಕೊಂಡದ್ದು ಬಹಳ ತಡವಾಗಿ, 1654ರಲ್ಲಿ.

ಕಥೆಯ ಕೊನೆಯಲ್ಲಿ ನಳ ಪುಷ್ಕರನನ್ನು ಮತ್ತೆ ಕರೆದು ಒಂದೇ ಪಣದಲ್ಲಿ ಎಲ್ಲ ಗೆಲ್ಲುತ್ತಾನೆ. ಸೋತದ್ದು ತಿಂಗಳುಗಟ್ಟಲೆ, ಗೆದ್ದದ್ದು ಒಂದೇ ಸಲ. ಇದರ ಹಿಂದೆಯೂ ಗಣಿತವಿದೆ. 1965ರಲ್ಲಿ ಡೂಬಿನ್ಸ್ ಮತ್ತು ಸ್ಯಾವೇಜ್ ಎಂಬ ಇಬ್ಬರು ಗಣಿತಜ್ಞರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಐದು ಸಾವಿರ ತಂದಿದ್ದೀರಿ, ಹತ್ತು ಸಾವಿರ ಮಾಡಿಕೊಂಡು ಹೋಗಬೇಕು. ಒಂದು ಸೊನ್ನೆಯ ರೂಲೆಟ್ಟಿನಲ್ಲಿ ಐದು ಸಾವಿರವನ್ನೂ ಒಮ್ಮೆಗೇ ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಸಂಭವ ನೂರಕ್ಕೆ 48.6. ಜೋಪಾನವಾಗಿ ನೂರು ನೂರು ರೂಪಾಯಿ ಕಟ್ಟುತ್ತ, ಹತ್ತು ಸಾವಿರ ಆಗುವವರೆಗೆ ಅಥವಾ ಬರಿಗೈ ಆಗುವವರೆಗೆ ಆಡಿದರೆ? ನೂರಕ್ಕೆ ಸುಮಾರು ಆರು! ಸಣ್ಣ ಸಣ್ಣದಾಗಿ ಆಡುವುದೇ ಸುರಕ್ಷಿತ ಎಂದು ನಂಬಿದವರಿಗೆ ಈ ಅಂಕಿ ಗಂಟಲಲ್ಲಿ ಇಳಿಯುವುದಿಲ್ಲ. ಪ್ರತಿ ಪಣಕ್ಕೂ ಬಾಡಿಗೆ ಇರುವಾಗ ಹೆಚ್ಚು ಪಣ ಅಂದರೆ ಹೆಚ್ಚು ಬಾಡಿಗೆ. (ಅಕ್ಷಹೃದಯ ಬಲ್ಲ ನಳನಿಗೆ ಬಾಡಿಗೆ ತಿರುಗುಮುರುಗಾಗಿತ್ತು, ಲೆಕ್ಕದ ಪ್ರಕಾರ ಅವನು ಸಣ್ಣ ಪಣದಲ್ಲೇ ಬಹಳ ಹೊತ್ತು ಆಡಬೇಕಿತ್ತು. ಹೆಂಡತಿ ಮಕ್ಕಳನ್ನು ಬಿಟ್ಟು ಅಲೆದು ಬಂದವನಿಗೆ ಅಷ್ಟು ವ್ಯವಧಾನ ಎಲ್ಲಿಯದು.)

ಕ್ಯಾಸಿನೊಗೆ ಹೋಗುವ ಮೊದಲೇ ಒಂದು ನಿಶ್ಚಯ ಮಾಡಿಕೊಂಡರೆ ಒಳ್ಳೆಯದು. ನಿಮಗೆ ಬೇಕಾದದ್ದು ಹಣವೋ, ಹೊತ್ತು ಕಳೆಯುವ ಮೋಜೋ? ಹಣವಾದರೆ ಒಂದೇ ಪಣ ಕಟ್ಟಿ, ಸೋತರೂ ಗೆದ್ದರೂ ಮುಂದಿನ ದೋಣಿಗೆ ವಾಪಸ್ಸಾಗಿ. ಹಾಗೆ ಮಾಡುವವರನ್ನು ನಾನಂತೂ ನೋಡಿಲ್ಲ. ಮೋಜಾದರೆ ಅತಿ ಸಣ್ಣ ಪಣದ ಮೇಜು ಹುಡುಕಿ, ಗದ್ದಲ ಜಾಸ್ತಿ, ಆಟ ನಿಧಾನ ಇರುವ ಕಡೆ ಕೂತುಕೊಳ್ಳಿ, ಊಟಕ್ಕೆ ಎದ್ದು ಹೋಗಿ, ಹಾಡು ಕುಣಿತ ನೋಡಿ. ಬಾಡಿಗೆ ಓಡುವುದು ಗಡಿಯಾರದ ಮೇಲಲ್ಲ, ಪಣದ ಮೇಲೆ. ಮೋಜಿನ ಹೊತ್ತು ಬೇಕು, ಹಣವೂ ಆಗಬೇಕು ಎಂದು ಎರಡಕ್ಕೂ ಕೈ ಹಾಕಿ ಮಧ್ಯಮ ಪಣದಲ್ಲಿ ರಾತ್ರಿಯಿಡೀ ಆಡುವವರೇ ಹೆಚ್ಚು, ಕೆಡುವವರೂ ಅವರೇ.

ಗುಂಡಿ ಒತ್ತುವ ಸ್ಲಾಟ್ ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳ ಬಾಡಿಗೆಯನ್ನು ಹೊರಗಿನಿಂದ ಲೆಕ್ಕ ಹಾಕುವ ದಾರಿಯೇ ಇಲ್ಲ, ವೇಗವೋ ತಾಸಿಗೆ ನೂರಾರು ಆಟ. ಲೆಕ್ಕ ಸಿಗದ ಕಡೆ ಕೂರಬೇಡಿ.

ತೆರಿಗೆಯ ಮಾತೊಂದಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದ ಬಿಲ್ಲೆ ಕೊಳ್ಳುವ ಹಣದ ಮೇಲೆ ನೂರಕ್ಕೆ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40. ಗೆದ್ದ ಹಣದ ಮೇಲಲ್ಲ, ಕೊಳ್ಳುವ ಹಣದ ಮೇಲೆ. ಈವರೆಗೆ ನಾನು ಹೇಳಿದ ಬಾಡಿಗೆಯಲ್ಲಿ ಇದು ಸೇರಿಲ್ಲ. ಪ್ರವೇಶದ ಪ್ಯಾಕೇಜಿನಲ್ಲಿ ಊಟ, ಪಾನೀಯ, ಇಷ್ಟು ಸಾವಿರದ ಬಿಲ್ಲೆ ಎಂದು ಬರೆದಿರುತ್ತದೆ. ಅದರಲ್ಲಿ ನಗದಾಗುವ ಬಿಲ್ಲೆ ಎಷ್ಟು, ಒಂದು ಸಲ ಆಡಿ ಬಿಡಬೇಕಾದದ್ದು ಎಷ್ಟು, ತೆರಿಗೆ ಎಲ್ಲಿ ಕೂತಿದೆ ಎಂದು ದಡದಲ್ಲೇ ಕೇಳಿ ಬರೆಸಿಕೊಳ್ಳಿ. ಹತ್ತು ಸಾವಿರ ಮೀರಿ ಗೆದ್ದರೆ ನೂರಕ್ಕೆ 30 ಆದಾಯ ತೆರಿಗೆ ಮೂಲದಲ್ಲೇ ಕಡಿತ. ನಿನ್ನೆ ಸೋತದ್ದನ್ನು ಇವತ್ತಿನ ಗೆಲುವಿನಲ್ಲಿ ಕಳೆದು ಲೆಕ್ಕ ತೋರಿಸಲು ಕಾನೂನು ಬಿಡುವುದಿಲ್ಲ.

ಫೋನಿನಲ್ಲಿ ಇವೇ ಆಟಗಳನ್ನು ಮನೆಯಲ್ಲೇ ಕೂತು ಆಡುತ್ತಿದ್ದ ಕಾಲವೊಂದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಈಗಲೂ ವಾಟ್ಸ್ಆ್ಯಪಿನಲ್ಲಿ ಕೊಂಡಿ ಕಳಿಸುವವರು ಕಾನೂನಿನ ಹೊರಗಿನವರು. ಅಲ್ಲಿ ಎಲೆ ಕಲೆಸುವುದು ಯಾರು, ಹೇಗೆ ಎನ್ನುವುದೇ ಕಾಣದಿರುವಾಗ ನನ್ನ 515, 485ರ ಲೆಕ್ಕಕ್ಕೂ ಅರ್ಥವಿಲ್ಲ.

ನಾನು ಹೇಳಿದ ಲೆಕ್ಕಗಳೆಲ್ಲ ಎದ್ದು ಬರಬಲ್ಲವರಿಗೆ ಮಾತ್ರ. ಹುಬ್ಬಳ್ಳಿಯ ಕಡೆಯ ನನ್ನ ಪರಿಚಯದ ಒಬ್ಬರು ದೋಣಿ ಹೊರಡುವ ಹೊತ್ತಿನಲ್ಲಿ ‘ಸರ, ಇನ್ನೊಂದ ಕೈ ನೋಡೇ ಬಿಡೂಣ’ ಎಂದು ನನ್ನ ತೋಳು ಹಿಡಿದು ಕೂರಿಸಿದ್ದರು. ಅವರಿಗೆ ಅಂದರ್ ಬಾಹರಿನ ಬಾಡಿಗೆ ನನಗಿಂತ ಮೊದಲೇ ಗೊತ್ತಿತ್ತು, ವ್ಯಾಪಾರಸ್ಥರು. ಸೋತದ್ದನ್ನು ಇವತ್ತೇ ವಾಪಸ್ ಪಡೆಯಬೇಕು ಅನ್ನಿಸುವುದು, ಮನೆಯಲ್ಲಿ ಎಷ್ಟು ಹೋಯಿತೆಂದು ಸುಳ್ಳು ಹೇಳುವುದು, ಪಣದ ಮೊತ್ತ ಏರುತ್ತ ಹೋಗದಿದ್ದರೆ ಆಟ ಸಪ್ಪೆ ಅನ್ನಿಸುವುದು, ಇವು ಗಣಿತದಿಂದ ವಾಸಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಈ ಗೀಳನ್ನು ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆಡುವವರೇ ಕರೆ ಮಾಡಬೇಕೆಂದಿಲ್ಲ. ಹೆಂಡತಿ, ಅಣ್ಣ, ಮಗಳು, ಯಾರು ಬೇಕಾದರೂ ಮಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಪೆನ್ನು ಹುಡುಕುತ್ತಿರುವವರು ಬರೆದುಕೊಳ್ಳಲಿ: 14416.